ಮೂರು ಡ್ಯಾನ್ಸ್‌ಗೆ ಒಂದೇ ಉಡುಪು ಸಾಕೇ? ಐಸ್ ಡ್ಯಾನ್ಸ್ ಪರೀಕ್ಷೆಗೂ ಸ್ಪರ್ಧೆಗೂ ಏನು ತೊಡುತ್ತೀರಿ?

ಅಂಚಿನಹೆಜ್ಜೆ
ಇನ್ನು ಆರು ವಾರಕ್ಕೆ ನನ್ನ ಪರೀಕ್ಷೆ. ಒಂದೇ ದಿನ ಮೂರು ಡ್ಯಾನ್ಸ್: ಫೋರ್ಟೀನ್‌ಸ್ಟೆಪ್, ಯುರೋಪಿಯನ್ ವಾಲ್ಟ್ಜ್, ಫಾಕ್ಸ್‌ಟ್ರಾಟ್. ಒಂದು ಮಾರ್ಚ್, ಒಂದು ವಾಲ್ಟ್ಜ್, ಇನ್ನೊಂದು ನಿಧಾನವಾಗಿ ತೂಗುವಂಥದ್ದು. ಹೆಜ್ಜೆಗಳು ಹೇಗೋ ಕೂಡಿ ಬರುತ್ತಿವೆ, ಬಟ್ಟೆಯದೇ ತೀರ್ಮಾನವಾಗುತ್ತಿಲ್ಲ. ನನ್ನ ಬಳಿ ಕೆಂಗಂದು ಬಣ್ಣದ ಜಾರ್ಜೆಟ್ ಉಡುಪು ಇದೆ. ಸ್ಕರ್ಟ್ ಮಂಡಿಯ ಕೆಳಗೆ ಬರುತ್ತದೆ, ಎದೆಯ ಮೇಲೆಲ್ಲ ಹರಳು. ತರಬೇತುದಾರರು "ಪರೀಕ್ಷೆಗೆ ಸಾದಾ ಕಪ್ಪು ಸಾಕು" ಎನ್ನುತ್ತಾರೆ. ಜೊತೆಗಾರನಿಗೆ ನನ್ನ ಬಣ್ಣಕ್ಕೆ ಹೊಂದುವ ಟೈ ಬೇಕಂತೆ. ನಾಲ್ಕು ತಿಂಗಳ ನಂತರ ಸ್ಪರ್ಧೆಯೂ ಇರುವುದರಿಂದ ಎರಡಕ್ಕೂ ಒಂದೇ ಉಡುಪು ಆದರೆ ಒಳ್ಳೆಯದು ಎನ್ನುವುದು ನನ್ನ ಆಸೆ. ಸ್ಕರ್ಟ್ ಎಷ್ಟು ಉದ್ದವಿರಬೇಕು? ಹರಳು ಇರಲೋ ಬೇಡವೋ? ಮೂರು ಡ್ಯಾನ್ಸ್‌ಗೆ ಮೂರು ಸಲ ಬಟ್ಟೆ ಬದಲಾಯಿಸುವವರೂ ಇದ್ದಾರೆಯೇ?

ಕಪ್ಪುಬಿಳುಪು
ಕಪ್ಪು ತೊಡಿ. ಬೇರೆ ಯೋಚನೆಯೇ ಬೇಡ.

ಸೂಜಿದಾರ
ಹತ್ತು ವರ್ಷದಿಂದ ಸ್ಕೇಟಿಂಗ್ ಉಡುಪು ಹೊಲಿಯುತ್ತಿದ್ದೇನೆ. ಮೊದಲು ನನ್ನದು, ಆಮೇಲೆ ಮಗಳದು, ಈಗ ಅವಳ ಗೆಳತಿಯರದು. ಬಣ್ಣ ಆಮೇಲೆ ನೋಡೋಣ, ಮೊದಲು ಆ ಸ್ಕರ್ಟಿನ ಉದ್ದ ಕಡಿಮೆ ಮಾಡಿ. ಕನ್ನಡಿಯ ಮುಂದೆ ನೆಟ್ಟಗೆ ನಿಂತು ಅಳತೆ ತೆಗೆಯುತ್ತಾರೆ, ತಪ್ಪು ಆಗುವುದು ಅಲ್ಲಿಯೇ. ಐಸ್ ಮೇಲೆ ನೀವು ನೆಟ್ಟಗೆ ನಿಲ್ಲುವುದೇ ಇಲ್ಲ. ಸ್ಕೇಟು ಕಟ್ಟಿಕೊಂಡು, ಬ್ಲೇಡಿಗೆ ಗಾರ್ಡ್ ಹಾಕಿ, ಒಂದು ಕಾಲಿನ ಮೇಲೆ ಮಂಡಿಯನ್ನು ಪೂರ್ತಿ ಬಗ್ಗಿಸಿ ನಿಲ್ಲಿ. ಆಗ ಸ್ಕರ್ಟಿನ ಅಂಚು ಎಲ್ಲಿಗೆ ಬರುತ್ತದೋ ಅದೇ ನಿಮ್ಮ ನಿಜವಾದ ಉದ್ದ. ನಿಂತಾಗ ಮಂಡಿಯ ಕೆಳಗಿದ್ದದ್ದು ಬಗ್ಗಿದಾಗ ಮೀನಖಂಡದ ಅರ್ಧಕ್ಕೆ ಇಳಿದಿರುತ್ತದೆ.

ಇನ್ನೊಂದು ಮಾತು. ಜಾರ್ಜೆಟ್, ಶಿಫಾನ್ ಬಟ್ಟೆಯನ್ನು ಪೂರ್ತಿ ವೃತ್ತವಾಗಿ ಕತ್ತರಿಸಿ ಹೊಲಿದರೆ ಓರೆ ಎಳೆ ಬರುವ ಕಡೆ ಬಟ್ಟೆ ತನ್ನ ಭಾರಕ್ಕೆ ತಾನೇ ಇಳಿಯುತ್ತದೆ. ಹೊಲಿದ ದಿನ ಸಮವಾಗಿದ್ದ ಅಂಚು ವಾರ ಕಳೆದರೆ ಆ ಕಡೆಗಳಲ್ಲೆಲ್ಲ ನಾಲಿಗೆ ಚಾಚಿರುತ್ತದೆ. ಸೊಂಟಪಟ್ಟಿಗೆ ಕೂಡಿಸಿದ ಮೇಲೆ ಕಡಿಮೆ ಎಂದರೆ ಒಂದು ದಿನ ಹ್ಯಾಂಗರಿನಲ್ಲಿ ತೂಗುಹಾಕಿ, ನಂತರ ಅಂಚು ಸರಿಮಾಡಿ ಮಡಿಚಿ. ನಿಮ್ಮ ಉಡುಪು ಹಳೆಯದಾದರೆ ಈಗಾಗಲೇ ಇಳಿದಿರುತ್ತದೆ, ಮತ್ತೊಮ್ಮೆ ಅಳೆಯಿರಿ.

ಮಂಜುಮನೆ
ಉದ್ದ ಸ್ಕರ್ಟ್ ಇದ್ದರೆ ವಾಲ್ಟ್ಜ್ ಎಷ್ಟು ಚೆನ್ನಾಗಿ ಕಾಣುತ್ತದೆ! ಎಲ್ಲವನ್ನೂ ಕತ್ತರಿಸಿ ಎಂದರೆ ಹೇಗೆ?

ಟಿಪ್ಪಣಿಪುಸ್ತಕ
ನಾನು ತೀರ್ಪುಗಾರಿಕೆಯ ತರಬೇತಿ ಪಡೆಯುವಾಗ ಎರಡು ವರ್ಷ ಅನುಭವಿಗಳ ಪಕ್ಕ ಕುಳಿತು ಟಿಪ್ಪಣಿ ಬರೆದುಕೊಂಡೆ. ಪರೀಕ್ಷೆಯಲ್ಲಿ ನೋಡುವುದು ತಾಳ, ಬ್ಲೇಡಿನ ಅಂಚಿನ ಆಳ, ಮಂಡಿಯ ಏರಿಳಿತ, ಮೈ ನಿಲುವು, ಇಬ್ಬರ ಹೊಂದಾಣಿಕೆ. ಉಡುಪಿಗೆ ಅಂಕವಿಲ್ಲ. ಆದರೆ ಉಡುಪು ಏನನ್ನು ಮುಚ್ಚುತ್ತದೆ ಎನ್ನುವುದು ಮುಖ್ಯ. ಒಬ್ಬ ಹುಡುಗಿ ಉದ್ದನೆಯ ಭಾರದ ಸ್ಕರ್ಟ್ ತೊಟ್ಟು ಯುರೋಪಿಯನ್ ವಾಲ್ಟ್ಜ್ ಮಾಡಿದಳು. ಅವಳ ಮಂಡಿ ಬಾಗುತ್ತಿತ್ತೋ ಇಲ್ಲವೋ ನಮಗೆ ಕಾಣಿಸಲೇ ಇಲ್ಲ. ಪಕ್ಕದಲ್ಲಿದ್ದ ಹಿರಿಯರು ನನ್ನ ಕಡೆ ತಿರುಗಿ, "ಕಾಣದ್ದಕ್ಕೆ ನಾನು ಹೇಗೆ ಅಂಕ ಕೊಡಲಿ?" ಎಂದರು. ಅಂದಿನಿಂದ ಯಾರು ಕೇಳಿದರೂ ನಾನು ಇದನ್ನೇ ಹೇಳುತ್ತೇನೆ: ಪರೀಕ್ಷೆಯ ದಿನ ಮಂಡಿ ಕಾಣಬೇಕು.

ಮಂಜುಮನೆ
ಹಾಗಾದರೆ ಮಂಡಿ ಸರಿಯಾಗಿ ಬಾಗದವರಿಗೆ ಉದ್ದ ಸ್ಕರ್ಟೇ ಅನುಕೂಲವಲ್ಲವೇ? ಮುಚ್ಚಿಹೋಗುತ್ತದೆ.

ಟಿಪ್ಪಣಿಪುಸ್ತಕ
ಇಲ್ಲ. ಮಂಡಿ ಬಾಗದಿದ್ದರೆ ತಲೆಯ ಎತ್ತರ ಬದಲಾಗುವುದಿಲ್ಲ, ಚಲನೆಯಲ್ಲಿ ಏರಿಳಿತ ಬರುವುದಿಲ್ಲ, ವೇಗ ಕುಸಿಯುತ್ತದೆ. ಅದನ್ನು ಯಾವ ಬಟ್ಟೆಯೂ ಮುಚ್ಚುವುದಿಲ್ಲ. ಮುಚ್ಚಿಹೋಗುವುದು ಚೆನ್ನಾಗಿ ಬಾಗುವ ಮಂಡಿ. ನಷ್ಟ ಆಗುವುದು ಶ್ರಮ ಪಟ್ಟವರಿಗೆ.

ಎಡಹೊರಅಂಚು
ಕಪ್ಪು ತೊಡಿ ಎನ್ನುವವರಿಗೆ ನನ್ನ ವಿರೋಧವಿದೆ. ಇಬ್ಬರೂ ಅಡಿಯಿಂದ ಮುಡಿಯವರೆಗೆ ಕಪ್ಪು ತೊಟ್ಟರೆ ವಾಲ್ಟ್ಜ್ ಹಿಡಿತದಲ್ಲಿ, ಅಂದರೆ ಎದುರುಬದುರು ಹಿಡಿದಾಗ, ನಾಲ್ಕು ಕಾಲುಗಳೂ ಒಂದೇ ಕಪ್ಪು ಮುದ್ದೆಯಾಗಿ ಕಾಣುತ್ತವೆ. ನಮ್ಮ ವಿಡಿಯೊದಲ್ಲಿ ನನ್ನ ಕಾಲು ಯಾವುದು, ಅವನದು ಯಾವುದು ಎಂದು ನನಗೇ ಗೊತ್ತಾಗಲಿಲ್ಲ. ಅವನು ಕಪ್ಪು ಪ್ಯಾಂಟ್, ನೀವು ನೀಲಿಯೋ ಕೆಂಗಂದೋ ತೊಡಿ. ಕಾಲಿಗೆ ಮೈಬಣ್ಣದ ಟೈಟ್ಸ್ ಇರಲಿ.

ಕಪ್ಪುಬಿಳುಪು
ನಾನು ಹೇಳಿದ್ದು ಉಡುಪಿನ ಬಣ್ಣವನ್ನು, ಟೈಟ್ಸ್ ಬಣ್ಣವನ್ನಲ್ಲ. ಕಪ್ಪು ಉಡುಪು, ಮೈಬಣ್ಣದ ಟೈಟ್ಸ್. ಮೂರು ಡ್ಯಾನ್ಸ್‌ಗೂ ಸಲ್ಲುತ್ತದೆ, ಬೆವರಿನ ಕಲೆಯೂ ಕಾಣುವುದಿಲ್ಲ.

ಜೊತೆಕಾಲು
ಗಂಡಸರ ಉಡುಪಿನ ಬಗ್ಗೆ ಯಾರೂ ಮಾತನಾಡಿಲ್ಲ, ಹಾಗಾಗಿ ನಾನು ಬರೆಯುತ್ತೇನೆ. ಕಚೇರಿಗೆ ತೊಡುವ ಪ್ಯಾಂಟ್ ಐಸ್ ಮೇಲೆ ಬೇಡ. ಮಂಡಿ ಬಗ್ಗಿಸಿದಾಗ ತೊಡೆಯಲ್ಲಿ ಬಿಗಿಯುತ್ತದೆ, ಕಾಲು ಹಿಂದಕ್ಕೆ ಚಾಚಿದಾಗ ಮೇಲೇರಿ ಬೂಟಿನ ಕತ್ತು ಕಾಣುತ್ತದೆ. ಹಿಗ್ಗುವ ಬಟ್ಟೆಯ ಪ್ಯಾಂಟ್ ಹೊಲಿಸಿ, ಬೂಟಿನ ಅಡಿಯಲ್ಲಿ ಹಿಮ್ಮಡಿಯ ಮುಂದೆ ಹಾದುಹೋಗುವಂತೆ ಎಲಾಸ್ಟಿಕ್ ಪಟ್ಟಿ ಹಾಕಿಸಿ. ಹಿಂಬದಿಯ ಅಂಚು ಬೂಟಿನ ಹಿಮ್ಮಡಿಗಿಂತ ಕೆಳಗೆ ಇಳಿಯಬಾರದು, ಇಳಿದರೆ ಬ್ಲೇಡಿನ ಬಾಲಕ್ಕೆ ಸಿಕ್ಕುತ್ತದೆ.

ಷರ್ಟು ಸೊಂಟದಿಂದ ಹೊರಬರುವುದು ಇನ್ನೊಂದು ಕಾಟ. ಫೋರ್ಟೀನ್‌ಸ್ಟೆಪ್ ಎರಡು ಸುತ್ತು ಮುಗಿಯುವಷ್ಟರಲ್ಲಿ ನನ್ನ ಷರ್ಟಿನ ಒಂದು ಬದಿ ಬಾವುಟದಂತೆ ಹಾರುತ್ತಿತ್ತು. ಷರ್ಟಿನ ಕೆಳಗೆ ಒಳಚಡ್ಡಿಯಂತೆ ಹೊಲಿದು ಕೆಳಗಿನಿಂದ ಗುಂಡಿ ಹಾಕುವ ಮಾದರಿ ಇದೆ. ಅದನ್ನು ತೊಟ್ಟ ಮೇಲೆ ಆ ತೊಂದರೆ ಮತ್ತೆ ಬಂದಿಲ್ಲ.

ಬೆಲ್ಟ್ ಬಕಲ್ ಮಾತ್ರ ದಯವಿಟ್ಟು ಬೇಡ. ನನ್ನ ಮೊದಲ ಪರೀಕ್ಷೆಯ ಅಭ್ಯಾಸದಲ್ಲಿ ಬಕಲ್‌ನ ಮೂಲೆ ಜೊತೆಗಾತಿಯ ಸ್ಕರ್ಟಿನ ಜಾಳಿಗೆಗೆ ಸಿಕ್ಕಿತು. ಅವಳು ತಿರುಗಿದಳು, ನಾನೂ ಅವಳ ಜೊತೆ ಎಳೆದುಹೋದೆ. ಇಬ್ಬರೂ ಬಿದ್ದೆವು. ಅವಳ ಮಣಿಕಟ್ಟು ಎರಡು ವಾರ ಊದಿಕೊಂಡಿತ್ತು. ಈಗಲೂ ನೆನೆದರೆ ಸಂಕಟವಾಗುತ್ತದೆ. ವಾಚು, ಉಂಗುರ, ತೋಳಿನ ಲೋಹದ ಗುಂಡಿ ಎಲ್ಲವನ್ನೂ ತೆಗೆದಿಟ್ಟೇ ಐಸ್‌ಗೆ ಇಳಿಯುತ್ತೇನೆ.

ಅಂಚಿನಹೆಜ್ಜೆ
ಬಕಲ್ ವಿಷಯ ನನಗೆ ಹೊಳೆದಿರಲೇ ಇಲ್ಲ. ಈಗಲೇ ಜೊತೆಗಾರನಿಗೆ ಕಳುಹಿಸಿದೆ. ಅವನ ಪ್ರಶ್ನೆ: ಟೈ ಓಕೆಯೇ?

ಜೊತೆಕಾಲು
ಟೈ ಇರಲಿ, ಆದರೆ ಷರ್ಟಿಗೆ ಮೇಲೆ, ನಡುವೆ, ಕೆಳಗೆ ಮೂರು ಕಡೆ ಹೊಲಿದು ಬಿಡಿ. ಇಲ್ಲದಿದ್ದರೆ ತಿರುವಿನಲ್ಲಿ ಅದು ಅವಳ ಮುಖಕ್ಕೆ ಬಡಿಯುತ್ತದೆ.

ನಿಯಮನಿಷ್ಠ
ಪ್ಯಾಂಟ್ ಮಾತು ಬಂದದ್ದಕ್ಕೆ ಹೇಳುತ್ತೇನೆ. ಐಸ್ ಡ್ಯಾನ್ಸ್‌ನಲ್ಲಿ ಹೆಂಗಸರಿಗೆ ಸ್ಕರ್ಟ್ ಕಡ್ಡಾಯ. ಪ್ಯಾಂಟ್ ತೊಟ್ಟರೆ ಅಂಕ ಹೋಗುತ್ತದೆ.

ಹಳೆಯರಿಂಕು
ಅದು ಹಳೆಯ ಮಾತು. 1988ರ ಚಳಿಗಾಲದ ಒಲಿಂಪಿಕ್ಸ್‌ನಲ್ಲಿ ಪೂರ್ವ ಜರ್ಮನಿಯ ಸ್ಕೇಟರ್ ಕಟರಿನಾ ವಿಟ್ ತೊಟ್ಟ, ಸ್ಕರ್ಟೇ ಇಲ್ಲವೆನ್ನಬಹುದಾದ ಗರಿ ಹೊಲಿದ ಉಡುಪಿನ ಗಲಾಟೆಯ ನಂತರ ಸೊಂಟವನ್ನು ಮುಚ್ಚುವ ಸ್ಕರ್ಟ್ ಇರಲೇಬೇಕು ಎನ್ನುವ ನಿಯಮ ಬಂತು. 2004ರಲ್ಲಿ ಫಿಗರ್ ಸ್ಕೇಟಿಂಗ್‌ನ ಬೇರೆ ವಿಭಾಗಗಳಾದ ಸಿಂಗಲ್ಸ್ ಮತ್ತು ಪೇರ್ಸ್‌ನಲ್ಲಿ ಅದನ್ನು ತೆಗೆದರು. ಐಸ್ ಡ್ಯಾನ್ಸ್‌ನಲ್ಲಿ ಸ್ಕರ್ಟಿನ ಪಟ್ಟು ಅದರ ನಂತರವೂ ಬಹಳ ಕಾಲ ಉಳಿಯಿತು, ನೀವು ಹೇಳುತ್ತಿರುವುದು ಆ ಕಾಲದ್ದು. ಈಚಿನ ವರ್ಷಗಳಲ್ಲಿ ಐಸ್ ಡ್ಯಾನ್ಸ್‌ನಲ್ಲೂ ಪ್ಯಾಂಟ್ ತೊಟ್ಟ ಸ್ತ್ರೀಯರನ್ನು ಅಂತರರಾಷ್ಟ್ರೀಯ ಸ್ಪರ್ಧೆಗಳಲ್ಲೇ ನೋಡುತ್ತಿದ್ದೇವೆ. ಆದರೆ ನಿಮ್ಮ ಪರೀಕ್ಷೆ ನಡೆಸುವ ಸಂಸ್ಥೆಗೆ ಅದರದೇ ನಿಯಮ ಇರಬಹುದು, ಆ ವರ್ಷದ ಪುಸ್ತಿಕೆ ಓದಿ.

ನಿಯಮನಿಷ್ಠ
ಸರಿ, ಒಪ್ಪಿದೆ. ಉಳಿದ ನಿಯಮ ಬದಲಾಗಿಲ್ಲ: ಉಡುಪು ಸಭ್ಯವಾಗಿರಬೇಕು, ಕ್ರೀಡೆಗೆ ತಕ್ಕಂತಿರಬೇಕು, ಕಣ್ಣು ಕುಕ್ಕುವಂತೆ ಅಥವಾ ನಾಟಕದ ವೇಷದಂತೆ ಇರಬಾರದು, ಅತಿಯಾಗಿ ಮೈ ತೋರಿಸುವಂತೆ ಕಾಣಬಾರದು. ಸಂಗೀತದ ಸ್ವಭಾವವನ್ನು ಬಿಂಬಿಸಬಹುದು. ಕೈಯಲ್ಲಿ ಹಿಡಿದು ಆಡಿಸುವ ಸಾಮಗ್ರಿ ಇರಬಾರದು. ಸ್ಪರ್ಧೆಯಲ್ಲಿ ಇದನ್ನು ಮೀರಿದರೆ 1 ಅಂಕ ಕಡಿತ. ಉಡುಪಿನ ಅಥವಾ ಅಲಂಕಾರದ ಭಾಗ ಐಸ್ ಮೇಲೆ ಬಿದ್ದರೂ 1 ಅಂಕ ಕಡಿತ.

ಹರಳುಗಣ್ಣು
ಬಿದ್ದದ್ದಕ್ಕೆ ಅಂಕ ಹೋದರೆ ಹೋಗಲಿ, ಅಪಾಯ ನೋಡಿ. ಐಸ್ ಮೇಲೆ ಬಿದ್ದ ಒಂದು ಹೇರ್‌ಪಿನ್, ಒಂದು ಗಾಜಿನ ಮಣಿ ಸಾಕು. ಬ್ಲೇಡು ಅದರ ಮೇಲೆ ಹೋದ ಕೂಡಲೇ ಗಕ್ಕನೆ ನಿಲ್ಲುತ್ತದೆ, ಮೈ ಮುಂದೆ ಹೋಗುತ್ತದೆ. ಗರಿ, ಪುಕ್ಕ ಹೊಲಿಸುವವರು ಇದನ್ನು ನೆನಪಿಡಬೇಕು. ನಿಮ್ಮ ನಂತರ ಇಳಿಯುವ ಜೋಡಿಗೂ ಅದೇ ಐಸ್.

ಹರಳಿನ ವಿಷಯದಲ್ಲಿ ನನ್ನ ಪದ್ಧತಿ ಹೇಳುತ್ತೇನೆ. ಅಂಟಿಸುವ ಮೊದಲು ಉಡುಪು ತೊಟ್ಟು, ಜೊತೆಗಾರನ ಎರಡೂ ಅಂಗೈಗೆ ಸೀಮೆಸುಣ್ಣದ ಪುಡಿ ಹಚ್ಚಿ, ಎಲ್ಲ ಹಿಡಿತಗಳನ್ನೂ ನೆಲದ ಮೇಲೆ ಒಂದೊಂದಾಗಿ ಮಾಡುತ್ತೇವೆ. ವಾಲ್ಟ್ಜ್ ಹಿಡಿತ, ಫಾಕ್ಸ್‌ಟ್ರಾಟ್ ಹಿಡಿತ, ಇಬ್ಬರೂ ಪಕ್ಕಪಕ್ಕ ಒಂದೇ ದಿಕ್ಕಿಗೆ ನಿಲ್ಲುವ ಕಿಲಿಯನ್ ಹಿಡಿತ. ಕೊನೆಯಲ್ಲಿ ಬಟ್ಟೆಯ ಮೇಲೆ ಬಿಳಿ ಗುರುತು ಎಲ್ಲೆಲ್ಲಿ ಮೂಡಿದೆ ನೋಡುವುದು. ಎಡ ಭುಜದ ಎಲುಬಿನ ಮೇಲೆ, ಬಲ ಸೊಂಟದ ಮೇಲೆ ದಟ್ಟವಾಗಿ ಮೂಡುತ್ತದೆ. ಅಲ್ಲಿ ಒಂದು ಹರಳನ್ನೂ ಅಂಟಿಸುವುದಿಲ್ಲ. ಮೊದಲ ಉಡುಪಿಗೆ ನಾನು ಹಾಗೆ ಮಾಡಿರಲಿಲ್ಲ. ಅಭ್ಯಾಸ ಮುಗಿದ ಮೇಲೆ ಜೊತೆಗಾರ ಅಂಗೈ ತೋರಿಸಿದಾಗ ಹೆಬ್ಬೆರಳಿನ ಬುಡದಲ್ಲಿ ತುರಿಯುವ ಮಣೆಗೆ ಉಜ್ಜಿದಂತೆ ಸಣ್ಣ ಸಣ್ಣ ಕೆಂಪು ಗೀರುಗಳಿದ್ದವು. ಇಡೀ ಗಂಟೆ ಅವನು ಒಂದು ಮಾತೂ ಆಡಿರಲಿಲ್ಲ.

ಸೂಜಿದಾರ
ಸೀಮೆಸುಣ್ಣದ ಉಪಾಯ ಬಹಳ ಚೆನ್ನಾಗಿದೆ. ನಾನು ಇನ್ನು ಮುಂದೆ ಇದನ್ನೇ ಮಾಡುತ್ತೇನೆ.

ಎಳೆಬಿಸಿಲು
ಯಾರಾದರೂ ಮೈಬಣ್ಣದ ಜಾಳಿಗೆಯ ಬಗ್ಗೆ ಹೇಳಿ. "ಮೈಬಣ್ಣ" ಎಂದು ಮಾರುವ ಬಟ್ಟೆಯೆಲ್ಲ ನನ್ನ ಚರ್ಮಕ್ಕಿಂತ ಎಷ್ಟೋ ಬೆಳ್ಳಗೆ ಇರುತ್ತದೆ. ಕತ್ತಿನ ಬಳಿ ಬ್ಯಾಂಡೇಜು ಸುತ್ತಿದ ಹಾಗೆ ಕಾಣುತ್ತದೆ. ಪ್ರತಿ ಸಲ ಬೇಸರವಾಗುತ್ತದೆ.

ಸೂಜಿದಾರ
ಜಾಳಿಗೆ ನೈಲಾನ್ ಆಗಿದ್ದರೆ ಗಟ್ಟಿ ಚಹಾ ಡಿಕಾಕ್ಷನ್‌ನಲ್ಲಿ ಅದ್ದಿ. ನೈಲಾನ್ ಬಣ್ಣ ಹಿಡಿಯುತ್ತದೆ, ಪಾಲಿಯೆಸ್ಟರ್ ಹಿಡಿಯುವುದಿಲ್ಲ. ಸಣ್ಣ ತುಂಡು ಕತ್ತರಿಸಿ ಐದು ನಿಮಿಷ, ಹತ್ತು ನಿಮಿಷ, ಇಪ್ಪತ್ತು ನಿಮಿಷ ಎಂದು ಮೂರು ಪರೀಕ್ಷೆ ಮಾಡಿ. ಒಣಗಿದ ಮೇಲೆ ಮೊಣಕೈ ಒಳಭಾಗದಲ್ಲಿಟ್ಟಲ್ಲ, ಎದೆಯ ಮೇಲ್ಭಾಗದಲ್ಲಿಟ್ಟು ಹೋಲಿಸಿ. ಒದ್ದೆ ಇರುವಾಗ ಕಪ್ಪಗೆ ಕಾಣುತ್ತದೆ, ಅದಕ್ಕೆ ಮೋಸ ಹೋಗಬೇಡಿ. ಇನ್ನೂ ಗಾಢ ಬೇಕಾದರೆ ನೈಲಾನ್‌ಗೆಂದೇ ಸಿಗುವ ಕಂದು ಬಣ್ಣ ಬಳಸಬೇಕು, ಚಹಾ ಅಲ್ಲಿಯವರೆಗೆ ಹೋಗುವುದಿಲ್ಲ.

ಎಳೆಬಿಸಿಲು
ಧನ್ಯವಾದ! ಇಷ್ಟು ವರ್ಷ ಯಾರೂ ಹೇಳಿರಲಿಲ್ಲ.

ಮಂಜುಮನೆ
ಮೂಲ ಪ್ರಶ್ನೆಗೆ ಬರೋಣ. ಮೂರು ಡ್ಯಾನ್ಸ್‌ಗೆ ಮೂರು ಸ್ವಭಾವ ಇದೆಯಲ್ಲ? ಒಂದೇ ಉಡುಪಿನಲ್ಲಿ ಮಾರ್ಚೂ ವಾಲ್ಟ್ಜೂ ಹೇಗೆ? ನಾನು ಸಾದಾ ಲಿಯೊಟಾರ್ಡ್ (ಮೈಗೆ ಅಂಟಿ ಕೂರುವ ಒಂದೇ ತುಂಡಿನ ಉಡುಪು) ತೊಟ್ಟು ಮೇಲೆ ಪ್ರೆಸ್ ಬಟನ್ ಹಾಕಿದ ಸ್ಕರ್ಟ್ ಬದಲಾಯಿಸುತ್ತೇನೆ. ಮಾರ್ಚ್‌ಗೆ ಚಿಕ್ಕದು, ವಾಲ್ಟ್ಜ್‌ಗೆ ಹಾರುವಂಥದ್ದು.

ಎಡಹೊರಅಂಚು
ಪ್ರೆಸ್ ಬಟನ್! ಐಸ್ ಮೇಲೆ ಬಿಚ್ಚಿದರೆ?

ಮಂಜುಮನೆ
ಹನ್ನೆರಡು ಬಟನ್ ಇವೆ. ಒಂದೂ ಬಿಚ್ಚಿಲ್ಲ.

ಟಿಪ್ಪಣಿಪುಸ್ತಕ
ನನ್ನ ಮಾತು ಕಟುವಾಗಿ ಕೇಳಬಹುದು, ಆದರೂ ಹೇಳುತ್ತೇನೆ. ಪರೀಕ್ಷೆಯಲ್ಲಿ ಎರಡು ಡ್ಯಾನ್ಸ್‌ಗಳ ನಡುವೆ ಸಿಗುವ ಕೆಲವೇ ನಿಮಿಷ ಉಸಿರು ಹತೋಟಿಗೆ ತರಲು, ಮುಂದಿನ ತಾಳವನ್ನು ಮನಸ್ಸಿನಲ್ಲಿ ಎಣಿಸಲು. ಯುರೋಪಿಯನ್ ವಾಲ್ಟ್ಜ್ ನಿಮಿಷಕ್ಕೆ 135 ತಾಳ, ಫಾಕ್ಸ್‌ಟ್ರಾಟ್ 100. ಒಂದರಿಂದ ಇನ್ನೊಂದಕ್ಕೆ ಮೈ ಬದಲಾಗಬೇಕು. ಆ ಹೊತ್ತಿನಲ್ಲಿ ಹನ್ನೆರಡು ಬಟನ್ ಹುಡುಕುತ್ತಾ ಕೂತರೆ ತಾಳ ಎಲ್ಲಿ ಉಳಿಯುತ್ತದೆ? ಡ್ಯಾನ್ಸಿನ ಸ್ವಭಾವ ಮೈಯಿಂದ ಬರಲಿ. ಬೆನ್ನು, ಭುಜ, ಮಂಡಿ ಅದನ್ನು ತೋರಿಸಬೇಕು.

ಮಂಜುಮನೆ
ನನಗೆ ಬಟ್ಟೆ ಬದಲಾಯಿಸಿದಾಗಲೇ ಮೈ ಬದಲಾಗುತ್ತದೆ. ಹಾರುವ ಸ್ಕರ್ಟ್ ತೊಟ್ಟರೆ ನಾನು ವಾಲ್ಟ್ಜ್ ಆಗುತ್ತೇನೆ. ಇದನ್ನು ತಪ್ಪು ಎನ್ನಬೇಡಿ.

ಟಿಪ್ಪಣಿಪುಸ್ತಕ
ತಪ್ಪು ಎನ್ನುತ್ತಿಲ್ಲ. ನಿಮಗೆ ಅದು ರೂಢಿಯಾಗಿದೆ. ಆರು ವಾರ ಉಳಿದವರಿಗೆ ಹೊಸದಾಗಿ ಹೇಳಿಕೊಡುವ ವಿಷಯ ಅದಲ್ಲ ಎನ್ನುತ್ತಿದ್ದೇನೆ.

ಹಳೆಯರಿಂಕು
ಸ್ವಭಾವದ ಮಾತು ಬಂದರೆ 1984ರ ಸರಯೇವೊ ಒಲಿಂಪಿಕ್ಸ್ ನೆನಪಾಗುತ್ತದೆ. ಬ್ರಿಟನ್ನಿನ ಐಸ್ ಡ್ಯಾನ್ಸ್ ಜೋಡಿ ಟಾರ್ವಿಲ್ ಮತ್ತು ಡೀನ್ ಇಬ್ಬರೂ ನೇರಳೆಯ ಛಾಯೆಗಳಲ್ಲಿ ಬಂದರು. ಇಬ್ಬರ ಬಟ್ಟೆಯೂ ಒಂದೇ ಹೊಳೆಯ ನೀರಿನಂತೆ ಹರಿಯುತ್ತಿತ್ತು. ಆ ಉಡುಪು ವಿನ್ಯಾಸ ಮಾಡಿದ ಕೋರ್ಟ್ನಿ ಜೋನ್ಸ್ ಸ್ವತಃ 1957ರಿಂದ 1960ರವರೆಗೆ ನಾಲ್ಕು ಸಲ ಐಸ್ ಡ್ಯಾನ್ಸ್ ವಿಶ್ವ ಚಾಂಪಿಯನ್. ನಾವೆಲ್ಲ ಕಲಿಯುವ ಸ್ಟಾರ್‌ಲೈಟ್ ವಾಲ್ಟ್ಜ್ ಅನ್ನು ಪೆರಿ ಹಾರ್ನ್ ಜೊತೆ ಸೇರಿ ಕಟ್ಟಿದವರೂ ಅವರೇ. ಹಿಡಿತದೊಳಗೆ ಬಟ್ಟೆ ಹೇಗೆ ನಡೆದುಕೊಳ್ಳುತ್ತದೆ ಎನ್ನುವುದು ಅವರಿಗೆ ಮೈಯಲ್ಲೇ ಗೊತ್ತಿತ್ತು.

ಎಳೆಬಿಸಿಲು
ಸ್ಟಾರ್‌ಲೈಟ್ ಕಟ್ಟಿದವರೇ ಆ ಉಡುಪನ್ನೂ ಮಾಡಿದ್ದೇ? ಇದು ನನಗೆ ಹೊಸ ಸುದ್ದಿ.

ಗುರಿಮುಟ್ಟು
ವಿನ್ಯಾಸ ಬಿಡಿ, ಕೊಕ್ಕೆ ನೋಡಿಕೊಳ್ಳಿ. 2018ರ ಪ್ಯೊಂಗ್‌ಚಾಂಗ್ ಒಲಿಂಪಿಕ್ಸ್‌ನಲ್ಲಿ ಇಂಥ ಎರಡು ಘಟನೆ ನಡೆದವು. ತಂಡ ಸ್ಪರ್ಧೆಯ ಶಾರ್ಟ್ ಡ್ಯಾನ್ಸ್‌ನಲ್ಲಿ (ಮೊದಲ ಸುತ್ತು; ಎರಡನೆಯದು ಫ್ರೀ ಡ್ಯಾನ್ಸ್) ಕೊರಿಯಾದ ಯೂರಾ ಮಿನ್ ಅವರ ಬೆನ್ನಿನ ಕೊಕ್ಕೆ ಆರಂಭದಲ್ಲೇ ಬಿಚ್ಚಿತು. ಕೆಲವು ದಿನಗಳ ನಂತರ ಫ್ರಾನ್ಸಿನ ಗೇಬ್ರಿಯೆಲಾ ಪಾಪಡಾಕಿಸ್ ಅವರ ಕುತ್ತಿಗೆಯ ಕೊಂಡಿ ಶಾರ್ಟ್ ಡ್ಯಾನ್ಸ್‌ನಲ್ಲಿ ಕಳಚಿತು. ಇಬ್ಬರೂ ನಿಲ್ಲಿಸದೆ ಮುಗಿಸಿದರು. ಪಾಪಡಾಕಿಸ್ ಮತ್ತು ಸಿಜೆರಾನ್ ಜೋಡಿಗೆ ಚಿನ್ನ ತಪ್ಪಿದ್ದು 0.79 ಅಂಕದಿಂದ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಅದನ್ನು ನೋಡಿದ ಮೇಲೆ ನಾನು ಕೊಕ್ಕೆಯನ್ನು ನಂಬುವುದನ್ನೇ ಬಿಟ್ಟೆ. ಕೊಕ್ಕೆ ಹಾಕಿದ ಮೇಲೆ ಅದರ ಮೇಲೆ ದಾರದಿಂದ ನಾಲ್ಕು ಹೊಲಿಗೆ ಹಾಕಿಸಿಕೊಂಡೇ ಐಸ್‌ಗೆ ಇಳಿಯುತ್ತೇನೆ, ಮುಗಿದ ಮೇಲೆ ಬಿಚ್ಚುತ್ತೇನೆ. ಚೀಲದಲ್ಲಿ ಸೂಜಿ, ದಾರ, ಸಣ್ಣ ಕತ್ತರಿ ಯಾವಾಗಲೂ ಇರುತ್ತವೆ.

ಸೂಜಿದಾರ
ನಾಲ್ಕು ಹೊಲಿಗೆ ಒಳ್ಳೆಯದೇ, ಆದರೆ ಕೊಕ್ಕೆ ಬಿಚ್ಚಲು ಕಾರಣ ಬಹುತೇಕ ಕೊಕ್ಕೆಯಲ್ಲ. ಕೈ ಮೇಲೆತ್ತಿದಾಗ ಇಡೀ ಉಡುಪು ಮೇಲಕ್ಕೆ ಎಳೆಯುತ್ತದೆ, ಆ ಸೆಳೆತವೆಲ್ಲ ಕುತ್ತಿಗೆಗೆ ಬೀಳುತ್ತದೆ. ಕಂಕುಳಿನಲ್ಲಿ ವಜ್ರಾಕಾರದ ತುಂಡು ಸೇರಿಸಿ ಹೊಲಿದರೆ ಸೆಳೆತ ಅಲ್ಲಿಯೇ ನಿಲ್ಲುತ್ತದೆ. ಎರಡೂ ಕೈಗಳನ್ನು ಪೂರ್ತಿ ಮೇಲೆತ್ತಿ, ಮುಂದೆ ಬಾಗಿ, ಸೊಂಟದಿಂದ ತಿರುಗಿ ನೋಡಿ. ಸ್ಕರ್ಟಿನ ಸೊಂಟಪಟ್ಟಿ ಎರಡು ಬೆರಳಿಗಿಂತ ಹೆಚ್ಚು ಮೇಲೇರಿದರೆ ಉಡುಪು ನಿಮಗೆ ಮೈ ಉದ್ದದಲ್ಲಿ ಚಿಕ್ಕದು. ಕೊಕ್ಕೆ ಎಷ್ಟು ಹಾಕಿದರೂ ಪ್ರಯೋಜನವಿಲ್ಲ.

ಹಳೆಯರಿಂಕು
ಅದೇ 2018ರಲ್ಲಿ ಯೂರಾ ಮಿನ್ ಜೋಡಿ ಫ್ರೀ ಡ್ಯಾನ್ಸ್‌ಗೆ ಹನ್‌ಬೊಕ್ ಶೈಲಿಯ ಉಡುಪಿನಲ್ಲಿ ಬಂದದ್ದು ನೆನಪಿದೆಯೇ? ಕೊರಿಯಾದ ಆ ಸಾಂಪ್ರದಾಯಿಕ ಉಡುಪನ್ನು ಐಸ್‌ಗೆ ಒಗ್ಗಿಸಿದ ಬಗೆ ಬಹಳ ಹಿತವಾಗಿತ್ತು.

ಎಳೆಬಿಸಿಲು
2010ರಲ್ಲಿ ಅಮೆರಿಕದ ಜೋಡಿ ಡೇವಿಸ್ ಮತ್ತು ವೈಟ್ ಭಾರತೀಯ ನೃತ್ಯ ಮಾಡಿದ್ದರಲ್ಲ, ಅದು ನನಗೆ ಬಹಳ ಇಷ್ಟ. ಅದೇ ವರ್ಷ ರಷ್ಯಾದ ದೊಮ್ನಿನಾ ಮತ್ತು ಶಬಾಲಿನ್ ಆಸ್ಟ್ರೇಲಿಯಾದ ಮೂಲನಿವಾಸಿಗಳ ವೇಷ ಹಾಕಿ ಟೀಕೆಗೆ ಗುರಿಯಾದರು. ಬೇರೆಯವರ ಉಡುಪು ತೊಡುವ ಮೊದಲು ಅದರವರನ್ನು ಕೇಳಬೇಕು ಎನ್ನುವುದು ನನ್ನ ಅಭಿಪ್ರಾಯ.

ನಿಯಮನಿಷ್ಠ
ಈ ವಿಷಯಕ್ಕೆ ಬೇರೆ ಚರ್ಚೆ ತೆರೆಯೋಣ, ಇಲ್ಲಿ ಪ್ರಶ್ನೆ ಕೇಳಿದವರು ಕಾಯುತ್ತಿದ್ದಾರೆ.

ಬೂಟುಲಾಡಿ
ಒಂದು ಸಣ್ಣ ವಿಷಯ. ಲಾಡಿಯ ತುದಿಯನ್ನು ಬೂಟಿನೊಳಗೆ ಸಿಕ್ಕಿಸಿ, ಮೇಲೆ ಬೂಟನ್ನೂ ಮುಚ್ಚುವ ಟೈಟ್ಸ್ ಎಳೆದರೆ ಕಾಲಿನ ಗೆರೆ ತುದಿಯವರೆಗೆ ಉದ್ದವಾಗಿ ಕಾಣುತ್ತದೆ. ಆದರೆ ಆ ಟೈಟ್ಸ್‌ನ ಅಡಿಯ ಕೊಕ್ಕೆ ಸಡಿಲವಾಗಿದ್ದರೆ ಅದನ್ನು ತೊಡಲೇಬೇಡಿ.

ಕೂದಲುಕಟ್ಟು
ಕೂದಲು ಬಿಗಿಯಾಗಿ ಗಂಟು ಕಟ್ಟಿ, ಮೇಲೆ ಬಲೆ ಹಾಕಿ. ಜುಟ್ಟು ಬಿಟ್ಟರೆ ತಿರುವಿನಲ್ಲಿ ಜೊತೆಗಾರನ ಕಣ್ಣಿಗೆ ಚಾಟಿಯಂತೆ ಬಡಿಯುತ್ತದೆ.

ಗುರಿಮುಟ್ಟು
ಹಿರಿಯರ ಗಾದೆ ಸುಮ್ಮನೆ ಇಲ್ಲ: ಊಟ ತನ್ನಿಚ್ಛೆ, ನೋಟ ಪರರಿಚ್ಛೆ. ನೋಡುವವರಿಗೆ ಹಿತವಾಗಿ ತೊಡಬೇಕು.

ಎಡಹೊರಅಂಚು
ಐಸ್ ಮೇಲೆ ಆ ಗಾದೆಯನ್ನು ನಾನು ಒಪ್ಪುವುದಿಲ್ಲ. ಮೊದಲು ಜೊತೆಗಾರನ ಕೈಗೆ ಹಿತ, ನಂತರ ನನ್ನ ಉಸಿರಾಟಕ್ಕೆ ಹಿತ, ನೋಡುವವರು ಅದಾದ ಮೇಲೆ. ಬಿಗಿ ರವಿಕೆಯಂಥ ಉಡುಪು ತೊಟ್ಟು ಕೊನೆಯ ಸುತ್ತಿನಲ್ಲಿ ಉಸಿರು ಸಿಗದೆ ತಾಳ ತಪ್ಪಿದವಳು ನಾನು.

ಹೊಸಹರಿವು
ಒಂದು ಎಚ್ಚರಿಕೆ. ಗಾಢ ಕೆಂಪು, ಕೆಂಗಂದು ಬಟ್ಟೆ ಬೆವರಿಗೆ ಬಣ್ಣ ಬಿಡಬಹುದು. ನನ್ನ ಕೆಂಪು ವೆಲ್ವೆಟ್ ಉಡುಪು ಜೊತೆಗಾರನ ಬಿಳಿ ಷರ್ಟಿನ ಬಲ ಪಕ್ಕೆಯ ಮೇಲೆ ಇಡೀ ಅಂಗೈ ಅಗಲದ ಗುಲಾಬಿ ಮಚ್ಚೆ ಉಳಿಸಿತ್ತು. ಅದೂ ಸ್ಪರ್ಧೆಯ ಬೆಳಿಗ್ಗೆ, ಅಭ್ಯಾಸದ ಹೊತ್ತಿನಲ್ಲಿ. ಒದ್ದೆ ಬಿಳಿ ಕರವಸ್ತ್ರದಿಂದ ಒಳಭಾಗವನ್ನು ಬಲವಾಗಿ ಉಜ್ಜಿ ನೋಡಿ.

ಅಂಚಿನಹೆಜ್ಜೆ
ಎಲ್ಲರ ಮಾತನ್ನೂ ಎರಡೆರಡು ಸಲ ಓದಿ, ವಾರವಿಡೀ ಒಂದೊಂದಾಗಿ ಮಾಡಿ ನೋಡಿದೆ. ಕರವಸ್ತ್ರಕ್ಕೆ ತಿಳಿಗೆಂಪು ಹತ್ತಿತು. ಎರಡು ಸಲ ತಣ್ಣೀರಿನಲ್ಲಿ ನೆನೆಸಿದ ಮೇಲೆ ನಿಂತಿತು. ಸೀಮೆಸುಣ್ಣದ ಗುರುತು ಹೇಳಿದ ಕಡೆಯೇ ಮೂಡಿತು, ಜೊತೆಗೆ ನಾನು ಎಣಿಸದಿದ್ದ ಬಲಗಡೆಯ ಪಕ್ಕೆಲುಬಿನ ಮೇಲೂ ಒಂದು ಪಟ್ಟೆ. ಅಲ್ಲಿದ್ದ ಹರಳುಗಳನ್ನು ಒಂದೊಂದಾಗಿ ಕಿತ್ತೆ, 63 ಇದ್ದವು. ಮಂಡಿ ಬಗ್ಗಿಸಿ ವಿಡಿಯೊ ತೆಗೆದು ನೋಡಿದಾಗ ಸ್ಕರ್ಟ್ ನನ್ನ ಕಾಲನ್ನೇ ನುಂಗಿತ್ತು. ಸೂಜಿದಾರ ಅವರೇ, ನೀವು ಹೇಳಿದಂತೆ ಹಿಂದೆ ಎರಡು ಕಡೆ ಇಳಿದೂ ಇತ್ತು. ನಾಳೆ ಕತ್ತರಿಸುತ್ತೇನೆ.

ಸೂಜಿದಾರ
ಒಂದೇ ಸಲಕ್ಕೆ ಪೂರ್ತಿ ಕತ್ತರಿಸಬೇಡಿ. ಮೊದಲು ಟಾಕಿ (ಸುಲಭವಾಗಿ ಬಿಚ್ಚುವ ಕಚ್ಚಾ ಹೊಲಿಗೆ) ಹಾಕಿ ಮಡಿಚಿ, ಒಂದು ಅಭ್ಯಾಸ ಮಾಡಿ, ಆಮೇಲೆ ಕತ್ತರಿ.

ಅಂಚಿನಹೆಜ್ಜೆ
ಆರು ವಾರದ ನಂತರ ಬರೆಯುತ್ತಿದ್ದೇನೆ. ಪರೀಕ್ಷೆ ನಿನ್ನೆ ಆಯಿತು. ಫೋರ್ಟೀನ್‌ಸ್ಟೆಪ್, ಫಾಕ್ಸ್‌ಟ್ರಾಟ್ ಎರಡರಲ್ಲೂ ತೇರ್ಗಡೆ. ವಾಲ್ಟ್ಜ್ ಮತ್ತೊಮ್ಮೆ ಮಾಡಬೇಕು. "ಮಂಡಿ ಚೆನ್ನಾಗಿದೆ, ತಿರುವಿನ ನಂತರ ತಾಳಕ್ಕಿಂತ ಮುಂದೆ ಹೋಗುತ್ತೀರಿ" ಎಂದು ಬರೆದಿದ್ದಾರೆ. ಮಂಡಿ ಕಂಡಿತು! ಟೈ ಮೂರು ಕಡೆ ಹೊಲಿದದ್ದು ಅಲುಗಲಿಲ್ಲ. ಸ್ಪರ್ಧೆಗೂ ಇದೇ ಉಡುಪು, ಎದೆಯ ಮೇಲೆ ಉಳಿದ ಹರಳುಗಳೇ ಸಾಕು.

ಟಿಪ್ಪಣಿಪುಸ್ತಕ
ಅಭಿನಂದನೆ. ತಾಳಕ್ಕಿಂತ ಮುಂದೆ ಹೋಗುವುದು ಅಭ್ಯಾಸದಿಂದ ಸರಿಹೋಗುತ್ತದೆ. ತಿರುವಿನ ನಂತರ ಬ್ಲೇಡಿನ ಅಂಚಿನ ಮೇಲೆ ಪೂರ್ತಿ ಹೊತ್ತು ಕಾಯಿರಿ.

ಮಂಜುಮನೆ
ಬಹಳ ಸಂತೋಷ! ಕೊನೆಗೆ ಎಷ್ಟು ಉದ್ದ ಇಟ್ಟಿರಿ? ನನ್ನ ವಾಲ್ಟ್ಜ್ ಸ್ಕರ್ಟನ್ನೂ ಮಂಡಿ ಬಗ್ಗಿಸಿ ಅಳೆದೆ, ಸ್ವಲ್ಪ ಕಡಿಮೆ ಮಾಡಬೇಕು ಎನಿಸುತ್ತಿದೆ.

ಅಂಚಿನಹೆಜ್ಜೆ
ನಿಂತಾಗ ಮುಂದೆ ಮಂಡಿಯ ಮೇಲೆ ನಾಲ್ಕು ಬೆರಳು, ಹಿಂದೆ ಎರಡು ಬೆರಳು. ಟಾಕಿ ಹಾಕಿ ಮೂರು ಅಭ್ಯಾಸ ಮಾಡಿದ ಮೇಲೆಯೇ ಕತ್ತರಿಸಿದೆ.